ಸದ್ದಿಲ್ಲದ ಕಾರಿನಲ್ಲಿ ಹಲಸೂರಿಗೆ ಹೋಗಿ ಬಂದದ್ದು

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೆ.ಆರ್. ಪುರದಿಂದ ಹೊರಟೆವು. ಹೋಗಬೇಕಾಗಿದ್ದದ್ದು ಹಲಸೂರಿಗೆ, ಅದಕ್ಕೂ ಮೊದಲು ಶಿವಾಜಿನಗರದಲ್ಲಿ ಬಳೆ, ಹೂವು ಕೊಳ್ಳುವುದಿತ್ತು. ಹೋಗಿ ಬರುವ ದಾರಿಯೆಲ್ಲ ಸೇರಿದರೂ ಮೂವತ್ತು ಕಿಲೋಮೀಟರಿನ ಆಸುಪಾಸು. ಇಷ್ಟಕ್ಕೆಲ್ಲ ಪ್ರವಾಸ ಅನ್ನುತ್ತಾರೇನು ಎಂದು ನಮ್ಮ ಸುರಪುರದ ಕಡೆಯವರು ನಗಬಹುದು. ಊರಿನಿಂದ ಬೆಂಗಳೂರಿಗೆ ನಾನು ಎಷ್ಟೋ ಸಲ ಬಂದಿದ್ದೇನೆ. ಆ ದಾರಿ ಹೇಗಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ನಿದ್ದೆಯಲ್ಲೇ ಕಳೆದುಹೋಗುತ್ತದೆ. ಈ ಮೂವತ್ತು ಕಿಲೋಮೀಟರು ಮಾತ್ರ ಕಣ್ಣು ಮುಚ್ಚಿದರೆ ಸಾಕು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬರೆದಿಟ್ಟರೆ ಎಲ್ಲಾದರೂ ನಿಂತೀತು ಎಂದು ಬರೆಯುತ್ತಿದ್ದೇನೆ.

ನಾನು ಇಲ್ಲಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಹೇಳುತ್ತೇನೆ. ನನ್ನ ಗಂಡನಿಗೆ ಕಾರ್ಖಾನೆಯ ಕೆಲಸ. ನಾವಿರುವುದು ಮುನಿಶಾಮಪ್ಪನವರ ವಠಾರದ ಬಾಡಿಗೆ ಕೋಣೆಯಲ್ಲಿ. ಅವರದು ಇಲ್ಲಿಯದೇ ಹಳೆಯ ಮನೆತನ. ತಂದೆಯ ಕಾಲದಲ್ಲಿ ರಾಗಿ, ಕನಕಾಂಬರ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲು ಕೋಣೆಗಳಿವೆ, ಕೋಣೆಗಳಲ್ಲಿ ಗುಲಬರ್ಗಾ, ರಾಯಚೂರು ಕಡೆಯ ನಮ್ಮಂಥವರಿದ್ದೇವೆ. ಬಾವಿ ಮುಚ್ಚಿಸಿದರೂ ಪಂಪ್‌ಸೆಟ್ಟಿನ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಅವರು ಯಾರಿಗೂ ಕೊಟ್ಟಿಲ್ಲ. ಯಾವುದಾದರೂ ಕೋಣೆಯಲ್ಲಿ ನಲ್ಲಿ ಸೋರಿದರೆ ಆ ಪೆಟ್ಟಿಗೆ ಹಿಡಿದು ತಾವೇ ಬರುತ್ತಾರೆ.

ಅವರ ಒಬ್ಬಳೇ ಮಗಳು ಮಂಜುಳ. ಅವಳನ್ನು ಹಲಸೂರಿಗೆ ಕೊಟ್ಟಿದ್ದಾರೆ. ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು. ಆ ಭಾನುವಾರ ಬೀಗರ ಮನೆಯಲ್ಲಿ ಸೀಮಂತ ಮುಗಿಸಿ, ಮಡಿಲು ತುಂಬಿಸಿ, ಹೆರಿಗೆಗೆ ಕರೆದುಕೊಂಡು ಬರಬೇಕು. ಕರೆಯಲು ಹೋಗುವವರು ಮುನಿಶಾಮಪ್ಪ ಮತ್ತು ಅವರ ಹೆಂಡತಿ ನಾಗಮ್ಮ. ಬರುವಾಗ ಮಗಳು ಸೇರಿ ಮೂವರಾಗುತ್ತಾರೆ, ಮೂವರು ಹೊಸ್ತಿಲು ದಾಟಬಾರದು. ಆದ್ದರಿಂದ ನಾಗಮ್ಮ ಹಿಂದಿನ ದಿನ ನಮ್ಮ ಬಾಗಿಲಿಗೆ ಬಂದು, "ಟೀಚರಮ್ಮ, ಒಂದು ತಲೆ ಕಮ್ಮಿ ಬೀಳ್ತೈತೆ, ನೀವು ಬಂದ್ಬಿಡಿ" ಅಂದರು. ಹಾಗೆ ನಾನು ಆ ಕಾರು ಹತ್ತಿದೆ.

ಕಾರಿನ ಸಂಗತಿ ಮೊದಲೇ ಹೇಳಬೇಕು. ಅದೊಂದು ಹಳೆಯ ಅಂಬಾಸಿಡರ್, ಎಷ್ಟನೆಯ ಕೈಯದೋ. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಯಾರಾದರೂ ಹೊರಗಿನಿಂದ ತೆಗೆಯಬೇಕು. ಎಂಜಿನ್ ಶುರುವಾದರೆ ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಸದ್ದು, ವೇಗ ಹೆಚ್ಚಿದಂತೆ ಸದ್ದೂ ದಟ್ಟವಾಗುತ್ತಿತ್ತು. ಕಳೆದ ಸಲ ಹಲಸೂರಿಗೆ ಹೋದಾಗ ಬೀಗರು ಎಲ್ಲರೆದುರಿಗೆ, "ನಿಮ್ಮ ಕಾರು ಬರೋದು ಕೆರೆ ಹತ್ರದಿಂದ್ಲೇ ಗೊತ್ತಾಗೋಯ್ತು ಬೀಗರೇ, ಯಾರೋ ಹೊಲಿಗೆ ಮಷೀನ್ ತುಳ್ಕೊಂಡು ಬರ್ತಾವ್ರೆ ಅಂದ್ಕೊಂಡೆ" ಅಂದಿದ್ದರಂತೆ. ಎಲ್ಲರೂ ನಕ್ಕರು, ಮುನಿಶಾಮಪ್ಪನವರೂ ನಕ್ಕರು. ಆದರೆ ಮಗಳನ್ನು ಕರೆತರುವ ದಿನ ಈ ಸದ್ದು ಇರಕೂಡದು ಎಂದು ಅವತ್ತೇ ನಿಶ್ಚಯಿಸಿಬಿಟ್ಟರು.

ಸೀಮಂತಕ್ಕೆ ವಾರ ಮೊದಲು ವಠಾರದ ಅಂಗಳದಲ್ಲಿ ಅದರ ತಪಾಸಣೆ ನಡೆಯಿತು. ಕೈಕೆಲಸ ಬಿಟ್ಟು ನಾನೂ ನೋಡುತ್ತ ನಿಂತಿದ್ದೆ. ಎಂಜಿನ್ ಓಡುತ್ತಿರುವಾಗಲೇ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಮುನಿಶಾಮಪ್ಪ ಸದ್ದು ಕೇಳಿದರು. ಕೆಳಗೆ, ಪಕ್ಕದಲ್ಲಿ, ಮುಂದೆ, ಎಲ್ಲ ಕಡೆ ಕೇಳಿ ಕೊನೆಗೆ ನೆತ್ತಿಯ ಮೇಲಿನ ತಗಡಿನ ಮುಚ್ಚಳಕ್ಕೆ ಬಂದರು. "ಇಲ್ಲೈತೆ ನೋಡಿ ಟೀಚರಮ್ಮ, ಕೇಳಿ" ಎಂದು ನನಗೂ ಕೊಟ್ಟರು. ಹಿಡಿಗೆ ಕಿವಿಯಿಟ್ಟರೆ ತಲೆಯೊಳಗೇ ಯಾರೋ ಬೆರಳಿನಿಂದ ಕುಟ್ಟಿದಂತಾಯಿತು. ಎಂಜಿನ್ ನಿಲ್ಲಿಸಿ ಮುಚ್ಚಳ ಬಿಚ್ಚಿದರು. ಒಳಗೆ ಎಣ್ಣೆಯಲ್ಲಿ ಮಿಂದ ಎಂಟು ಪುಟ್ಟ ಕಬ್ಬಿಣದ ತೋಳುಗಳು. ಏತದ ಮರದ ಹಾಗೆ ಒಂದು ತುದಿ ಎದ್ದರೆ ಇನ್ನೊಂದು ತುದಿ ಇಳಿದು, ಕೆಳಗೆ ಎಂಜಿನ್ನಿನ ಬಾಯಿ ಮುಚ್ಚಿರುವ ವಾಲ್ವನ್ನು ಒತ್ತಿ ತೆರೆಯುತ್ತದೆ. ಒತ್ತುವುದು ನಿಂತಾಗ ವಾಲ್ವು ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ತೋಳಿಗೂ ವಾಲ್ವಿಗೂ ನಡುವಿನ ಸಂದಿನಲ್ಲೇ ಆ ಸದ್ದು ಹುಟ್ಟುತ್ತಿತ್ತು. ಗ್ಯಾರೇಜಿನವರು ಅದಕ್ಕೆ ಟ್ಯಾಪೆಟ್ ಸದ್ದು ಅನ್ನುತ್ತಾರೆ.

ಮುನಿಶಾಮಪ್ಪ ಒಂದೊಂದನ್ನೇ ಬೆರಳಿನಿಂದ ಅಲ್ಲಾಡಿಸಿದರು. ಎಲ್ಲವೂ ಕಟಕಟ ಎಂದವು. "ಎಲ್ಲಾ ಲೂಸ್ ಆಗೋಗವೆ. ನಮ್ಮ ಪಂಪ್‌ಸೆಟ್‌ನಾಗೂ ಹಿಂಗೇ. ಸದ್ದು ಬಂತಾ, ಬೋಲ್ಟ್ ಬಿಗಿ ಮಾಡು. ಅಷ್ಟೇ" ಅಂದರು. ತಿರುಪುಗಳನ್ನು ಒಂದೊಂದಾಗಿ ಬಿಗಿಸಿ, ಯಾವ ತೋಳೂ ಕೂದಲೆಳೆಯಷ್ಟೂ ಅಲ್ಲಾಡದಂತೆ ಮಾಡಿ ಮುಚ್ಚಳ ಹಾಕಿದರು. ಮತ್ತೆ ಚಾಲೂ ಮಾಡಿದಾಗ ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟು ಮೆತ್ತಗಿತ್ತು ಸದ್ದು.

ಹೊರಟ ಬೆಳಿಗ್ಗೆ ಬಿಸಿಲು ಇನ್ನೂ ಏರಿರಲಿಲ್ಲ. ಕೆ.ಆರ್. ಪುರದ ರೈಲ್ವೆ ಗೇಟು ತೆರೆದೇ ಇತ್ತು. ಹಳಿ ದಾಟುವಾಗ ಕಾರು ಎರಡು ಸಲ ಕುಲುಕಿತು, ಅಷ್ಟೇ. ಈ ಗೇಟಿನ ಮೇಲೆ ದೊಡ್ಡ ಸೇತುವೆ ಕಟ್ಟುತ್ತಾರಂತೆ ಎಂದು ನಾಗಮ್ಮ ಹೇಳಿದರು. "ನಾವ್ ಸತ್ತ್ ಮೇಲೆ ಕಟ್ತಾರೆ ಬಿಡು" ಎಂದರು ಮುನಿಶಾಮಪ್ಪ. ಮೂವರೂ ನಕ್ಕೆವು.

ಟಿನ್ ಫ್ಯಾಕ್ಟರಿ ದಾಟಿ ಹಳೇ ಮದರಾಸು ರಸ್ತೆ ಹಿಡಿದೆವು. ಇಂದಿರಾನಗರದ ಸಿಗ್ನಲ್ಲಿನಲ್ಲಿ ನಿಂತಾಗ ಕಾರು ಸಣ್ಣಗೆ ನಡುಗುತ್ತಿತ್ತು. ಸದ್ದೇನೂ ಇಲ್ಲ, ಬರೀ ನಡುಕ. ಮುಂದೆ ಎಲ್ಲೋ ಪುಸ್ ಪುಸ್ ಎಂದು ಸೀನಿದಂತಾಯಿತು. "ಪೆಟ್ರೋಲ್ ಸರಿ ಇಲ್ಲ" ಎಂದರು ಮುನಿಶಾಮಪ್ಪ. ಹಲಸೂರಿನ ಏರಿನಲ್ಲಿ ಕಾರು ಎಳೆಯಲು ಒದ್ದಾಡಿತು, ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಆಗಲೂ ಅವರ ಮುಖದಲ್ಲಿ ಸಂತೋಷವೇ. "ಕೇಳ್ತಾ, ನಾಗಿ? ಏನಾದ್ರೂ ಕೇಳ್ತಾ?" ಎಂದು ಹೆಂಡತಿಯನ್ನು ಕೇಳುತ್ತಲೇ ಇದ್ದರು. "ಏನೂ ಕೇಳ್ತಿಲ್ಲ ಸುಮ್ನೆ ಓಡ್ಸಿ" ಎಂದು ನಾಗಮ್ಮ.

ಶಿವಾಜಿನಗರದಲ್ಲಿ ಭಾನುವಾರದ ಜನ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಬಳೆ ಅಂಗಡಿಯ ಮುದುಕರು ನಾಗಮ್ಮನನ್ನು ನೋಡಿದ ಕೂಡಲೇ, "ಆವೋ ಅಮ್ಮಾ, ಹಸಿರು ಬಳೆನಾ? ಬೇಟಿಗೆ ಎಷ್ಟು ತಿಂಗ್ಳು?" ಎಂದು ಕೇಳಿದರು. ಹಸಿರು ಗಾಜಿನ ಬಳೆಗಳನ್ನು ರಟ್ಟಿನ ಡಬ್ಬಿಯಲ್ಲಿಟ್ಟು, ಬಳೆಗಳು ಒಂದಕ್ಕೊಂದು ತಾಗದಂತೆ ನಡುನಡುವೆ ತೆಳು ರಟ್ಟಿನ ಚೂರು ಸಿಕ್ಕಿಸಿ ಕೊಟ್ಟರು. ಮಲ್ಲಿಗೆ, ಮರುಗ ಕೊಂಡು, ಬಸ್ ನಿಲ್ದಾಣದ ಎದುರು ಒಂದೊಂದು ಟೀ ಕುಡಿದು ಹಲಸೂರಿಗೆ ಬಂದೆವು.

ಬೀಗರ ಮನೆ ದೇವಸ್ಥಾನದ ಹಿಂದಿನ ಕಿರಿದಾದ ಬೀದಿಯಲ್ಲಿ. ಕಾರು ಬಾಗಿಲ ಮುಂದೆ ನಿಂತರೂ ಯಾರೂ ಹೊರಗೆ ಬರಲಿಲ್ಲ. ಬಂದದ್ದೇ ಗೊತ್ತಾಗಿರಲಿಲ್ಲ. ಮುನಿಶಾಮಪ್ಪ ಹಾರ್ನ್ ಒತ್ತಿದ ಮೇಲೆ ಬೀಗರು ಅಂಗಿ ತೊಡುತ್ತ ಬಂದು, "ಏನ್ ಬೀಗರೇ, ಮಷೀನ್ ಮನೇಲೇ ಬಿಟ್ಟು ಬಂದ್ರಾ?" ಅಂದರು. ಮುನಿಶಾಮಪ್ಪ ಕಾರಿನಿಂದಿಳಿದು ನಿಂತ ಠೀವಿ ಇನ್ನೂ ನನ್ನ ಕಣ್ಣ ಮುಂದಿದೆ. "ಮಗಳು ಕೂತ್ಕೊಳೋ ಗಾಡಿ ಅಲ್ವಾ" ಎಂದರು, ಅಷ್ಟೇ.

ಸೀಮಂತ ಚೆನ್ನಾಗಿ ಆಯಿತು. ಒಬ್ಬಟ್ಟು, ಚಿತ್ರಾನ್ನ, ಕೋಸಂಬರಿ, ಮೇಲೆ ಗಸಗಸೆ ಪಾಯಸ. ಊಟವಾದ ಮೇಲೆ ಮಂಜುಳಳ ಅತ್ತೆ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ ತುಂಬಿ ಹೊಟ್ಟೆಯ ಮುಂದೆ ಗಂಟು ಕಟ್ಟಿದರು. ತವರಿನ ಹೊಸ್ತಿಲು ದಾಟುವವರೆಗೆ ಮಡಿಲು ಬಿಚ್ಚಬಾರದು, ಒಂದು ಕಾಳೂ ಕೆಳಗೆ ಬೀಳಬಾರದು ಎಂದು ಮೂರು ಸಲ ಹೇಳಿದರು. ರಾಹುಕಾಲಕ್ಕೆ ಮೊದಲು ಮನೆ ಸೇರಬೇಕೆಂದು ಬಿಸಿಲಲ್ಲೇ ಹೊರಟೆವು. ಮಂಜುಳ ಹತ್ತಲು ಸುಲಭ ಎಂದು ಹಿಂದೆ ಎಡಗಡೆ ಕುಳಿತಳು, ಪಕ್ಕದಲ್ಲಿ ನಾಗಮ್ಮ. ನಾನು ಮುಂದೆ. ಬೀಗರೇ ಹಿಂದಿನ ಬಾಗಿಲನ್ನು ಹೊರಗಿನಿಂದ ಹಾಕಿ, ಭದ್ರವಾಯಿತೇ ಎಂದು ಎಳೆದು ನೋಡಿದರು.

ಟಿನ್ ಫ್ಯಾಕ್ಟರಿಯಿಂದಾಚೆ ಗಾಡಿಗಳ ಸಾಲು ತೆವಳುತ್ತಿತ್ತು. ಕಾರಿನೊಳಗೆ ಸೆಕೆ, ಮಲ್ಲಿಗೆ ವಾಸನೆ, ಎಂಜಿನ್ನಿನ ಕಾವು. ನಿಂತಾಗಲೆಲ್ಲ ಎಂಜಿನ್ ಆರಿಹೋಗುತ್ತದೇನೋ ಎಂಬಂತೆ ಕುಸಿಯುತ್ತಿತ್ತು, ಮುನಿಶಾಮಪ್ಪ ಆಕ್ಸಿಲರೇಟರ್ ಒತ್ತಿ ಒತ್ತಿ ಬದುಕಿಸುತ್ತಿದ್ದರು. ಗೇಟಿನ ಹತ್ತಿರ ಬಂದಾಗ ಮುಂದೆ ಒಂದು ಬಸ್ಸು, ಹಿಂದೆ ಆಟೋ, ಲಾರಿ. ಬಸ್ಸು ಹಳಿ ಹತ್ತಿತು. ನಾವೂ ಅದರ ಬೆನ್ನಿಗೆ ಹತ್ತಿದೆವು.

ಬಸ್ಸು ನಿಂತಿತು. ನಾವು ನಿಂತೆವು. ಎಂಜಿನ್ ಒಂದು ಸಲ ಸೀನಿ ಆರಿತು.

ಸದ್ದಿರಲಿಲ್ಲವಾದ್ದರಿಂದ ಆರಿದ್ದು ನನಗೆ ತಿಳಿಯಲಿಲ್ಲ. ಮುನಿಶಾಮಪ್ಪ ಎಂಜಿನ್ ಚಾಲೂ ಮಾಡುವ ಸೆಲ್ಫ್ ಗುಂಡಿ ಎಳೆದಾಗಲೇ ತಿಳಿದದ್ದು. ಅದು ತಿರುಗಿದ ರೀತಿ ಬೇರೆಯೇ ಇತ್ತು. ಬೆಳಿಗ್ಗೆ ಗರ್ ಗರ್ ಎಂದು ಭಾರ ಎಳೆದಂತೆ ತಿರುಗಿದ್ದು, ಈಗ ಕಾಳು ಹಾಕದ ಬೀಸುಕಲ್ಲಿನ ಹಾಗೆ ಹಗುರವಾಗಿ, ಸುಮ್ಮನೆ ತಿರುಗುತ್ತಿತ್ತು. ಎಂಜಿನ್ ಹಿಡಿಯಲೇ ಇಲ್ಲ. ಮತ್ತೆ ಎಳೆದರು. ಮತ್ತೆ. ಬಸ್ಸು ಮುಂದೆ ಹೋಯಿತು. ಆಗ ಗಂಟೆ ಹೊಡೆಯತೊಡಗಿತು.

ಗೇಟಿನ ಕೆಂಪು ಬಿಳಿ ಕಂಬ ನಮ್ಮ ಮುಂದೆ ಇಳಿಯಲು ಶುರುವಾಗಿ, ಅರ್ಧದಲ್ಲಿ ನಿಂತು, ಮತ್ತೆ ಮೇಲೆ ಹೋಯಿತು. ಗೇಟ್‌ಮ್ಯಾನ್ ತನ್ನ ಗೂಡಿನಿಂದ ಹಾರಿ ಬಂದು, "ಇಳೀರೀ! ಗಾಡಿ ಬರ್ತೈತೆ, ಇಳೀರೀ!" ಎಂದು ಕೂಗುತ್ತ, ಕೆಂಪು ಬಾವುಟ ಬಿಚ್ಚಿಕೊಂಡು ಎಡಗಡೆಗೆ ಹಳಿಯ ಮೇಲೆ ಓಡಿದ. ಅವನು ಓಡಿದ ದಿಕ್ಕಿಗೆ ನೋಡಿದೆ. ತಿರುವಿನಲ್ಲಿ ರೈಲೆಂಜಿನ್ನಿನ ಮುಖ ಕಂಡಿತು.

ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಹಿಂದಿನ ಬಾಗಿಲು ತೆಗೆದೆ. ಮಂಜುಳ ಎರಡೂ ಕೈಯಲ್ಲಿ ಮಡಿಲು ಹಿಡಿದು ಕೂತಿದ್ದಳು. "ಇಳಿ" ಎಂದೆ. ಕೈ ಬಿಟ್ಟರಲ್ಲವೇ ಬಾಗಿಲು ಹಿಡಿದು ಇಳಿಯುವುದು? ಅವಳು ಕೈ ಬಿಡಲಿಲ್ಲ. ನಾಗಮ್ಮ ಆ ಕಡೆಯ ಬಾಗಿಲಿನಿಂದ ಇಳಿಯಬಹುದಿತ್ತು, ಇಳಿಯದೆ ತಾವೂ ಮಗಳ ಮಡಿಲಿಗೆ ಕೈ ಕೊಟ್ಟು, "ಅಕ್ಕಿ ಚೆಲ್ತೈತೆ, ನಿಧಾನ, ಅಕ್ಕಿ ಚೆಲ್ತೈತೆ" ಅನ್ನುತ್ತಿದ್ದರು. ಬೆನ್ನ ಹಿಂದೆ ರೈಲಿನ ಕೂಗು. ಅದು ನಿಲ್ಲದೆ ಕೂಗುತ್ತಿತ್ತು. ಆ ತಾಯಿ ಮಗಳ ಎರಡು ಜೊತೆ ಕೈಗಳನ್ನು ನಾನು ದಿನಾ ನೋಡುತ್ತೇನೆ, ಪಾಠ ಹೇಳುವಾಗಲೂ ನೋಡುತ್ತೇನೆ. ಎಷ್ಟು ಮೃದುವಾಗಿ ಹಿಡಿದಿದ್ದವು, ತುಂಬಿದ ಪಾತ್ರೆ ಹಿಡಿದಂತೆ.

ಸೆರಗಿನ ಗಂಟಿಗೆ ಕೈ ಹಾಕಿ ಎಳೆದುಬಿಟ್ಟೆ. ಗಂಟು ಬಿಚ್ಚಿಕೊಂಡಿತೋ ಹರಿಯಿತೋ, ಅಕ್ಕಿಯೆಲ್ಲ ನನ್ನ ಕಾಲ ಮೇಲೆ, ಹಳಿಯ ಮೇಲೆ ಸುರಿಯಿತು. ತೆಂಗಿನಕಾಯಿ ಉರುಳಿತು. ನಾಗಮ್ಮ "ಅಯ್ಯೋ" ಎಂದರು. ಮಂಜುಳಳ ಕೈಗಳು ಖಾಲಿಯಾದವು, ಆ ಖಾಲಿ ಕೈ ಹಿಡಿದು ಹೊರಗೆಳೆದೆ. ಜಲ್ಲಿಕಲ್ಲಿನ ಮೇಲೆ ಇಬ್ಬರೂ ಎಡವುತ್ತ ಗೇಟಿನ ಆಚೆಗೆ ಬಂದೆವು. ನಾಗಮ್ಮ ಆ ಕಡೆಯಿಂದ ಇಳಿದು ನಮ್ಮ ಹಿಂದೆ ಓಡಿಬಂದರು.

ಮುನಿಶಾಮಪ್ಪ ಇಳಿದಿರಲಿಲ್ಲ. ಕಾರಿನೊಳಗೆ ಕೂತು ಸೆಲ್ಫ್ ಎಳೆಯುತ್ತಲೇ ಇದ್ದರು. ನಾಲ್ಕಾರು ಜನ ಹಿಂದಿನಿಂದ ತಳ್ಳಿದರು. ಹಿಂಚಕ್ರ ಹಳಿಯ ಪಕ್ಕದ ಸಂದಿಗೆ ಇಳಿದಿತ್ತು, ಕಾರು ತೂಗಿತೇ ಹೊರತು ಕದಲಲಿಲ್ಲ. "ಅಪ್ಪಾ, ಬಿಟ್ಟು ಬಾ" ಎಂದು ಮಂಜುಳ ಚೀರಿದಳು. ಆಗ ಆಟೋದವನೊಬ್ಬ ಕಿಟಕಿಗೆ ಬಾಯಿಟ್ಟು, "ಯಜಮಾನ್ರೇ, ಫಸ್ಟ್ ಗೇರ್ ಹಾಕ್ರೀ! ಕ್ಲಚ್ ಬಿಟ್ಟು ಸೆಲ್ಫ್ ಹೊಡೀರಿ! ಗೇರ್ ಹಾಕ್ರೀ ಗುರುವೇ!" ಎಂದು ಅರಚಿದ. ಮುನಿಶಾಮಪ್ಪ ಗೇರು ಹಾಕಿ ಎಳೆದರು. ಎಂಜಿನ್ ಸತ್ತಿದ್ದರೂ ಸೆಲ್ಫಿನ ಬಲಕ್ಕೇ ಕಾರು ಒಂದು ಸಲ ಜಿಗಿಯಿತು. ತಳ್ಳುವವರು ಹೋ ಎಂದರು. ಇನ್ನೊಂದು ಜಿಗಿತ, ಚಕ್ರ ಸಂದಿನಿಂದ ಎದ್ದಿತು. ಮೂಗುದಾರ ಜಗ್ಗಿಸಿಕೊಂಡ ಎತ್ತಿನಂತೆ ಮುಗ್ಗರಿಸುತ್ತ ಮುಗ್ಗರಿಸುತ್ತ ಅದು ಹಳಿ ಬಿಟ್ಟು ಈ ಕಡೆಗೆ ಬಂತು.

ರೈಲು ನಿಂತಿತ್ತು. ಪಕ್ಕದ ತೆಂಗಿನಮರ ಉರುಳಿದರೆ ತುದಿ ತಾಗುವಷ್ಟು ದೂರದಲ್ಲಿ. ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಏನೋ ಬೈಯುತ್ತಿದ್ದ. ಒಂದು ಮಾತೂ ಕೇಳಿಸಲಿಲ್ಲ. ಆಮೇಲೆ ಗೇಟು ಬಿತ್ತು, ರೈಲು ನಿಧಾನವಾಗಿ ನಮ್ಮ ಮುಂದೆ ಹಾದುಹೋಯಿತು. ಕಿಟಕಿಗಳಿಂದ ಜನ ನಮ್ಮನ್ನು ನೋಡುತ್ತಿದ್ದರು, ಒಂದು ಮಗು ಕೈ ಬೀಸಿತು.

ಗೇಟ್‌ಮ್ಯಾನ್ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನ ಕೈಯಲ್ಲಿ ನಮ್ಮ ತೆಂಗಿನಕಾಯಿ ಇತ್ತು. "ತಗೊಳ್ಳಿ ಅಮ್ಮಾ, ಒಡ್ದಿಲ್ಲ" ಎಂದು ನಾಗಮ್ಮನಿಗೆ ಕೊಟ್ಟ. ನಾಗಮ್ಮ ಕಾಯಿಯ ಜೊತೆಗೆ ಅವನ ಕೈಯನ್ನೂ ಎರಡೂ ಕೈಯಿಂದ ಹಿಡಿದುಕೊಂಡರು.

ರಸ್ತೆಯಂಚಿನ ಟೀ ಅಂಗಡಿಯ ಬೆಂಚಿನ ಮೇಲೆ ಮಂಜುಳಳನ್ನು ಕೂರಿಸಿದೆವು. ನೀರು ಕುಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಅಕ್ಕಾ, ಅಲ್ಲಾಡ್ತಿಲ್ಲ" ಎಂದಳು ನನಗೆ ಮಾತ್ರ ಕೇಳುವಂತೆ. ನಾನು ಕೈಯಿಟ್ಟೆ. ನನಗೇನೂ ತಿಳಿಯಲಿಲ್ಲ. "ಮಲಗಿರ್ತದವ್ವ" ಎಂದೆ.

ಮುನಿಶಾಮಪ್ಪ ಬಾನೆಟ್ ಎತ್ತಿ ಮುಚ್ಚಳ ಬಿಚ್ಚಿದ್ದರು. ಹೆಗಲ ಮೇಲಿನ ಟವೆಲ್ಲನ್ನು ಬೆರಳಿಗೆ ಸುತ್ತಿಕೊಂಡು, ಕಾದ ತೋಳುಗಳನ್ನು ಒಂದೊಂದಾಗಿ ಅಲ್ಲಾಡಿಸಲು ನೋಡುತ್ತಿದ್ದರು. "ಒಂದೂ ಅಲ್ಲಾಡ್ತಿಲ್ಲ ಟೀಚರಮ್ಮ" ಎಂದರು. "ತಣ್ಣಗಿದ್ದಾಗ ಬಿಗಿ ಮಾಡ್ದೆ. ಈಗ ಕಾದು ಉದ್ದ ಆಗ್ಬಿಟ್ಟವೆ, ಅಲ್ವಾ?"

ಹೌದು ಎಂದೆ. ಕಬ್ಬಿಣ ಕಾದರೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ವಾಲ್ವುಗಳು ಸದಾ ಒತ್ತಿಸಿಕೊಂಡು ಅರೆತೆರೆದೇ ಉಳಿದಿದ್ದವು. ಮುಚ್ಚದ ಬಾಯಿಯಿಂದ ಎಂಜಿನ್ನಿನ ಬಲವೆಲ್ಲ ಸೋರಿಹೋಗಿತ್ತು.

"ಹಂಗಾದ್ರೆ ಆ ಸದ್ದು..." ಎಂದು ನಿಲ್ಲಿಸಿದರು.

"ಜಾಗ ಇದೆ ಅನ್ನೋ ಸದ್ದು" ಎಂದೆ.

"ಜಾಸ್ತಿನೇ ಇತ್ತೇನೋ. ಒಂಚೂರು ಕಮ್ಮಿ ಮಾಡಿದ್ರೆ ಸಾಕಿತ್ತು. ನಾನು ಉಸಿರೇ ಕಟ್ಟಿಸ್ಬಿಟ್ಟೆ." ಎಣ್ಣೆಗೈಯಲ್ಲೇ ಮುಖ ಒರೆಸಿಕೊಂಡರು.

ಎಂಜಿನ್ ತಣ್ಣಗಾಗುವವರೆಗೆ ಕಾದೆವು. ರಾಹುಕಾಲ ಬಂದಿತ್ತು, ನಾಗಮ್ಮ ಆ ಮಾತೆತ್ತಲಿಲ್ಲ. ತೋಳು ವಾಲ್ವುಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ಅಳೆಯಲು ಏನೂ ಇರಲಿಲ್ಲ. ಮುನಿಶಾಮಪ್ಪ ಸುತ್ತ ನೋಡಿ, ಸೀಟಿನ ಮೇಲಿದ್ದ, ತೊಡಿಸಿ ಉಳಿದ ಬಳೆಗಳ ಡಬ್ಬಿ ತೆಗೆದು, ಒಳಗಿನ ತೆಳು ರಟ್ಟಿನ ಚೂರೊಂದನ್ನು ಹೊರಗೆಳೆದರು. ಎಂಟೂ ಕಡೆ ಆ ರಟ್ಟನ್ನು ಸಂದಿನಲ್ಲಿಟ್ಟು, ಅದು ಸುಲಭವಾಗಿ ಸರಿದಾಡುವಷ್ಟು ತಿರುಪು ಸಡಿಲಿಸಿದರು. ಬ್ಯಾಟರಿ ಸೋತಿದ್ದರಿಂದ ಟೀ ಅಂಗಡಿಯವರೆಲ್ಲ ಬಂದು ತಳ್ಳಿದರು. ಎಂಜಿನ್ ಹಿಡಿಯಿತು.

ಟಿಕ್ ಟಿಕ್ ಟಿಕ್ ಟಿಕ್. ಹಿಂದಿಗಿಂತ ಜೋರಾಗಿ.

ಹೊರಡುವಾಗ ಹಿಂತಿರುಗಿ ನೋಡಿದೆ. ಗೇಟು ತೆರೆದಿತ್ತು, ಗಾಡಿಗಳು ನಮ್ಮ ಅಕ್ಕಿಯ ಮೇಲೆ ಓಡಾಡುತ್ತಿದ್ದವು. ಗಾಡಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಪಾರಿವಾಳಗಳು ಇಳಿದು, ಎರಡು ಕಾಳು ಹೆಕ್ಕಿ, ಹಾರುತ್ತಿದ್ದವು.

ಮನೆಗೆ ಉಳಿದದ್ದು ಬಹಳ ದೂರವಲ್ಲ. ನಾಲ್ವರೂ ಆ ಸದ್ದನ್ನೇ ಕೇಳುತ್ತ ಕೂತಿದ್ದೆವು. ಗುಂಡಿಯಲ್ಲಿ ಕಾರು ಕುಲುಕಿ ಒಂದು ಕ್ಷಣ ಟಿಕ್ ತಪ್ಪಿದರೆ ಮುನಿಶಾಮಪ್ಪನವರ ಕೈ ಸ್ಟೀರಿಂಗಿನ ಮೇಲೆ ಬಿಗಿಯುತ್ತಿತ್ತು. ನಮ್ಮ ಬೀದಿಯ ತಿರುವಿಗೆ ಬಂದಾಗ ಮಂಜುಳ ಹಿಂದಿನಿಂದ ನನ್ನ ಭುಜ ಹಿಡಿದಳು. "ಅಕ್ಕಾ, ಒದೀತು" ಎಂದಳು. ನಾಗಮ್ಮ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಸದ್ದು ಕೇಳಿ ವಠಾರದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಆರತಿ ಸಿದ್ಧವಾಗಿತ್ತು. ಮುನಿಶಾಮಪ್ಪ ಕಾರು ನಿಲ್ಲಿಸಿ, ಬೀಗದ ಕೈ ತಿರುಗಿಸಿದರು. ಟಿಕ್ ಟಿಕ್ ನಿಂತಿತು.

ನಿಂತದ್ದೇ ತಡ, ಮಂಜುಳ ಬಾಗಿಲಿಗೆ ಎರಡೂ ಕೈಯಲ್ಲಿ ಬಡಿಯತೊಡಗಿದಳು. ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. "ಆಫ್ ಮಾಡ್ಬೇಡಪ್ಪಾ! ನಾನು ಇಳಿಯೋವರ್ಗೂ ಆಫ್ ಮಾಡ್ಬೇಡ!" ಮನೆಯ ಅಂಗಳ, ಮುಂದೆ ಆರತಿ, ಸುತ್ತ ತನ್ನವರು, ಎಲ್ಲವೂ ಕಾಣುತ್ತಿದ್ದರೂ ಅವಳು ಬಡಿಯುತ್ತಿದ್ದಳು.

ನಾನು ಇಳಿದು ಹೊರಗಿನಿಂದ ಬಾಗಿಲು ತೆಗೆದೆ. ಮುನಿಶಾಮಪ್ಪ ಮತ್ತೆ ಸೆಲ್ಫ್ ಎಳೆದರು. ಸೋತ ಬ್ಯಾಟರಿ ಒಮ್ಮೆ ನರಳಿತು, ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಟಿಕ್ ಟಿಕ್ ಎನ್ನುವ ಅಂಗಳದಲ್ಲಿ ಮಂಜುಳ ಖಾಲಿ ಸೆರಗು ಹೊದ್ದು, ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಆ ತೆಂಗಿನಕಾಯಿಯನ್ನೂ ಹಿಡಿದು ಹೊಸ್ತಿಲು ದಾಟಿದಳು. ಆರತಿ ಆಯಿತು. ಅವಳು ನಡುಮನೆಯ ಚಾಪೆಯ ಮೇಲೆ ಕೂತಳು, ಯಾರೋ ಬೀದಿಯ ನರ್ಸಮ್ಮನನ್ನು ಕರೆತಂದರು, ನರ್ಸಮ್ಮ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ಎಲ್ಲ ಸರಿಯಿದೆ ಎಂದು ತಲೆಯಾಡಿಸಿದರು.

ಆಮೇಲೆ ಹೊರಗೆ ಬಂದು ನೋಡಿದೆ. ಮುನಿಶಾಮಪ್ಪ ಇನ್ನೂ ಕಾರಿನಲ್ಲೇ ಇದ್ದರು. ಎಂಜಿನ್ ಓಡುತ್ತಲೇ ಇತ್ತು.